ಭಾವನ ಕಿವಿ, ಎರಡು ಸ್ಪೀಕರು

ನನ್ನ ಭಾವ, ಅಂದರೆ ಅಕ್ಕನ ಗಂಡ, ಕರೆಂಟು ಮಗ್ಗದ ಷೆಡ್ಡಿನಲ್ಲಿ ದುಡಿದವರು. ಆ ಬಡಿತದ ನಡುವೆ ಪಕ್ಕದವನು ಕಿರುಚಿದರೂ ಕೇಳುವುದಿಲ್ಲ. ಅಲ್ಲಿಯವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಭಾವನ ಅಪ್ಪನೂ ಅಲ್ಲೇ ದುಡಿದು ಕೊನೆಗಾಲದಲ್ಲಿ ಪೂರ್ತಿ ಕಿವುಡಾದರು. ಮನೆ ತುಂಬ ಜನರಿದ್ದರೂ ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಭಾವನಿಗೆ ಹಾವಿನ ಭಯವಿಲ್ಲ, ಕಳ್ಳರ ಭಯವಿಲ್ಲ. ತಾನೂ ಒಂದು ದಿನ ಹಾಗೆ ಗೋಡೆ ನೋಡಿಕೊಂಡು ಕೂರಬೇಕಾದೀತು ಎಂಬ ಭಯ ಮಾತ್ರ ಉಂಟು.

ಆದರೆ ದನಿ ಅಂದರೆ ಅವರದೇ. ಕಥೆ ಹೇಳಲು ಕೂತರೆ ಬೀದಿಜಗಳವೂ ನಿಂತು ಕೇಳಬೇಕು. ಮಕ್ಕಳ ಕಥೆಗಳನ್ನು ಓದಿಸಿ ಮಾರುವ ಕಂಪನಿಯೊಂದು ಅವರನ್ನು ಮೆಚ್ಚಿ, ಮನೆಯಲ್ಲೇ ರೆಕಾರ್ಡ್ ಮಾಡಿ, ತಪ್ಪು ತಿದ್ದಿ ಕಳಿಸಿ ಅಂದಿತು. ಭಾವ ಮಗ್ಗ ಬಿಟ್ಟರು. ಅಕ್ಕ ಹಳೆ ಸಾಮಾನಿನ ಕೋಣೆ ಖಾಲಿ ಮಾಡಿ ಗೋಡೆಗೆ ಕಂಬಳಿ ಹೊಡೆದಳು. ಮೈಕು ಬಂತು, ಕಂಪ್ಯೂಟರು ಬಂತು. ತಿದ್ದುವಾಗ ಕೇಳಲು ಸ್ಪೀಕರು ಬೇಕಿತ್ತು.

ರಿಪೇರಿ ಅಂಗಡಿಗೆ ನಾನೂ ಹೋದೆ. ಅಂಗಡಿಯವನು ಒಂದು ಜೊತೆ ಕಪ್ಪು ಪೆಟ್ಟಿಗೆ ತಂದಿಟ್ಟ. ಹಿಂದೆ ನೋಡಿದರೆ ಪ್ಲಗ್ಗೇ ಇಲ್ಲ!

"ಕರೆಂಟು ಹಾಕೋದೆಲ್ಲಿಗಯ್ಯಾ? ಎತ್ತಿಲ್ಲದ ಗಾಡಿ ಮಾರ್ತಿದೀಯಾ?" ಎಂದು ರೇಗಿದೆ.

"ಎತ್ತು ಬೇರೆ ಇದೆ ಅಣ್ಣ, ಸ್ವಲ್ಪ ತಡ್ಕೊಳ್ಳಿ," ಎಂದು ಅವನು ಒಂದು ಆಂಪ್ಲಿಫೈಯರ್ ತೋರಿಸಿದ. "ಇವು ಪ್ಯಾಸಿವ್. ಒಳಗೆ ಶಕ್ತಿ ಇಲ್ಲ, ಆಂಪ್ಲಿಫೈಯರ್‌ನಿಂದ ತಂತಿ ಎಳೀಬೇಕು. ಕೆಟ್ರೆ ಯಾವುದು ಕೆಟ್ಟಿತೋ ಅದನ್ನಷ್ಟೇ ಬದಲಾಯಿಸಬಹುದು. ಸ್ಪೀಕರ್ ಹಿಂದೆ ಎಂಟು ಓಮ್ ಅಂತಿದೆ, ಕರೆಂಟಿಗೆ ಎಷ್ಟು ತಡೆ ಅನ್ನೋ ಲೆಕ್ಕ ಅದು. ಈ ಆಂಪ್ಲಿಫೈಯರೂ ಎಂಟು ಓಮ್ ಓಡಿಸುತ್ತೆ. ಆ ಲೆಕ್ಕ ತಪ್ಪಿದ್ರೆ ಆಂಪ್ಲಿಫೈಯರ್ ಬಿಸಿಯಾಗಿ ಸುಟ್ಟುಹೋಗುತ್ತೆ."

ಸುಟ್ಟುಹೋಗುತ್ತೆ ಅಂದದ್ದೇ ತಡ, ಭಾವ ಒಂದು ಹೆಜ್ಜೆ ಹಿಂದೆ ಸರಿದರು.

"ಹೆದರಬೇಡಿ ಯಜಮಾನ್ರೇ. ಸ್ವಿಚ್ ಆರಿಸಿ ಜೋಡಿಸಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತಂತಿಯ ಎರಡು ಎಳೆ ನೋಡೋಕೆ ಒಂದೇ ಥರ, ಆದ್ರೆ ಒಂದರ ಮೈಮೇಲೆ ಉದ್ದಕ್ಕೂ ಗೆರೆ ಉಬ್ಬಿದ ಹಾಗೆ ಸಣ್ಣ ಏಣು ಇದೆ. ಉಗುರಲ್ಲಿ ಸವರಿದ್ರೆ ಗೊತ್ತಾಗುತ್ತೆ. ಏಣಿರೋದು ಕೆಂಪಿಗೆ."

ಮರುದಿನ ನನಗೆ ಒಂದು ಗೇಟು ಬೆಸೆಯುವ ಕೆಲಸವಿತ್ತು. ಭಾವನೇ ಜೋಡಿಸಿದರು. ಸಂಜೆ ಹೋಗುವಷ್ಟರಲ್ಲಿ ಮೇಜಿನ ಎರಡು ಬದಿಗೆ ಸ್ಪೀಕರು, ನಡುವೆ ಕುರ್ಚಿ, ಕುರ್ಚಿಯಲ್ಲಿ ಭಾವ. ಅವರು ಓದಿದ ಕಥೆ ಕೇಳಿಬರುತ್ತಿತ್ತು.

"ಹೇಗಿದೆಯೋ?" ಎಂದರು.

ಬಾಗಿಲ ಹತ್ತಿರದ ಸ್ಪೀಕರಿನ ಪಕ್ಕ ನಿಂತಿದ್ದ ನಾನು, "ಗಂಟೆ ಹೊಡೆದ ಹಾಗಿದೆ ಭಾವ," ಅಂದೆ.

ಅವರ ಮುಖ ಬಿಳಿಚಿಕೊಂಡಿತು. ಏಕೆಂದು ನನಗೆ ತಿಳಿಯಲಿಲ್ಲ.

ಆಮೇಲೆ ಮನುಷ್ಯ ಮಂಕಾದರು. ಅಕ್ಕ ಮಾತಾಡಿದರೆ ಅವಳ ಕಣ್ಣಿನ ಬದಲು ತುಟಿ ನೋಡುತ್ತಿದ್ದರು. ಒಂದು ದಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ಚಮಚ ಬೀಳಿಸಿ ಬೀಳಿಸಿ ಕೇಳಿಸಿಕೊಳ್ಳುತ್ತಿದ್ದರಂತೆ. ಕೋಣೆಯಲ್ಲಿ ಸದ್ದು ದಿನದಿನಕ್ಕೂ ಏರಿತು. ಕಂಪನಿಯವರು ಎಲ್ಲಿ ರೆಕಾರ್ಡಿಂಗು ಎಂದು ಕೇಳಿದರೆ ನೆಗಡಿಯ ನೆಪ.

ಒಂದು ಭಾನುವಾರ ನಾನು ಊಟಕ್ಕೆ ಹೋದಾಗ ಬೀದಿಗೇ ಕೇಳುವ ಹಾಗೆ ಸ್ಪೀಕರು ಅರಚುತ್ತಿತ್ತು. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. "ಏನ್ರೀ ಭಾವ, ಕಿವುಡಾ ನಿಮಗೆ?" ಎಂದು ಕೂಗಿಬಿಟ್ಟೆ.

ಅವರು ಸದ್ದು ಆರಿಸಿದರು. "ಹೌದು ಕಣೋ," ಎಂದರು. "ಅಪ್ಪನಿಗಾದ ಹಾಗೇ ಆಗ್ತಾ ಇದೆ. ನನ್ನ ದನಿ ನನಗೇ ಸಿಗ್ತಿಲ್ಲ. ಎದುರಿಗೆ ಇರಬೇಕಾದ್ದು ತಲೆ ಹಿಂದೆ ಎಲ್ಲೋ ತೇಲುತ್ತೆ. ದಪ್ಪ ಸ್ವರ ಇಲ್ಲವೇ ಇಲ್ಲ. ನೀನು ಗಂಟೆ ಹೊಡೆದ ಹಾಗಿದೆ ಅಂದೆ. ನಿನಗೆ ಕೇಳುತ್ತೆ, ನನಗಿಲ್ಲ. ಮಗ್ಗ ಬೇರೆ ಬಿಟ್ಟಾಯ್ತು. ನಿಮ್ಮಕ್ಕನಿಗೆ ಹೇಳಬೇಡ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹೇಳಬೇಡ ಎಂದರೂ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬಂದವಳೇ, "ಏಳ್ರೀ, ನಾನೊಂದ್ಸಲ ಕೂರ್ತೀನಿ," ಎಂದು ಗಂಡನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂತಳು. ಅದುವರೆಗೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಸದ್ದು ಮತ್ತೆ ಶುರುವಾಯಿತು.

"ಏನಿದು, ಬಾವಿಯೊಳಗಿಂದ ಕೂಗಿದ ಹಾಗೆ! ಗೋಡೆಯಾಚೆ ನಿಂತು ಓದಿದ್ರೇನ್ರೀ?"

"ನಿನಗೂ ಹಾಗೇ ಕೇಳುತ್ತಾ?" ಭಾವ ಅವಳ ಭುಜ ಹಿಡಿದು ಅಲ್ಲಾಡಿಸಿದರು. "ನಿಜ ಹೇಳೇ!"

"ಬಿಡ್ರೀ, ಭುಜ ನೋಯುತ್ತೆ. ನನಗೇನು ಹುಚ್ಚಾ ಸುಳ್ಳು ಹೇಳೋಕೆ?"

ನಾನು ಅಂಗಡಿಯವನಿಗೆ ಫೋನು ಹಚ್ಚಿ ನಡೆದದ್ದು ಹೇಳಿದೆ. ಬೈಯಲು ಬಾಯಿ ತೆರೆಯುವ ಮೊದಲೇ ಅವನು, "ಒಂದು ಸ್ಪೀಕರಿನ ತಂತಿ ಅದಲುಬದಲಾಗಿದೆ ಅಣ್ಣ. ಒಂದು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ನಡುವೆ ಕೂತವರಿಗೆ ಸದ್ದು ಕಳೆದುಹೋಗುತ್ತೆ, ಒಂದರ ಪಕ್ಕ ನಿಂತ್ರೆ ಸರಿಯಾಗೇ ಇರುತ್ತೆ," ಎಂದ.

ನೋಡಿದರೆ ಹಾಗೇ ಇತ್ತು. "ಏಣು ಸವರಿ ನೋಡಿ ಅಂದಿದ್ದನಲ್ಲ ಭಾವ!"

"ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡಿದ್ರು," ಅಂದಳು ಅಕ್ಕ. "ಕರೆಂಟು ಹೊಡೆಯುತ್ತೆ ಅಂತ. ಎರಡೆರಡು!"

ತಂತಿ ತಿರುಗಿಸಿ ಹಾಕಿದೆ. ಭಾವನ ದನಿ ಎರಡು ಪೆಟ್ಟಿಗೆಯ ನಡುವೆ ಬಂದು ನಿಂತಿತು, ಅಲ್ಲೊಬ್ಬ ಮನುಷ್ಯ ಕೂತಿದ್ದಾನೇನೋ ಅನ್ನುವ ಹಾಗೆ. ಭಾವ ಮುಖ ಮುಚ್ಚಿಕೊಂಡರು. ನಾವು ನಕ್ಕೆವು.

ಆದರೆ ಅಕ್ಕ ನಗುತ್ತಲೇ, "ನಾಳೆ ಕಿವಿ ಡಾಕ್ಟರ ಹತ್ತಿರ ಹೋಗೋಣ," ಅಂದಳು. ಭಾವ ಬೇಡವೆಂದರು. "ಚಮಚ ಬೀಳಿಸ್ತಾ ಬದುಕೋಕಾಗುತ್ತಾ?" ಎಂದು ಅವಳು ಕೇಳಿದ ಮೇಲೆ ಹೊರಟರು.

ಆಸ್ಪತ್ರೆಯಲ್ಲಿ ಭಾವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದರು. ನಾವು ಹೊರಗಿನಿಂದ ನೋಡುತ್ತಿದ್ದೆವು. ಬೆರಳು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಆಮೇಲೆ ತುಂಬ ಹೊತ್ತು ಏಳಲಿಲ್ಲ. ಒಳಗೆ ಸದ್ದು ಬಂದಿತ್ತೋ ಇಲ್ಲವೋ ನಮಗೇನು ಗೊತ್ತು? ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಎಡಗಿವಿಯಲ್ಲಿ ಸಣ್ಣ ಸ್ವರಗಳು ಹೋಗಿವೆ, ಉಳಿದದ್ದು ಚೆನ್ನಾಗಿದೆ, ಆದರೆ ಜೋರು ಸದ್ದಿನ ಹತ್ತಿರ ಸುಳಿಯಬೇಡಿ ಅಂದರು ಡಾಕ್ಟರು. ಇನ್ನೂ ಹೋಗುತ್ತದೆಯೇ ಎಂದು ಕೇಳಿದ್ದಕ್ಕೆ, ನೋಡೋಣ ಅಂದರು.

ಭಾವನ ಕಥೆಗಳು ಈಗ ಹೊರಬರುತ್ತಿವೆ. ಸ್ಪೀಕರಿನ ಸದ್ದು ಎಷ್ಟು ತಗ್ಗಿದೆಯೆಂದರೆ ಪಕ್ಕದ ಕೋಣೆಗೂ ದಾಟುವುದಿಲ್ಲ. ಕೆಲಸಕ್ಕೆ ಮೊದಲು ಅವರು ಕಣ್ಣು ಮುಚ್ಚಿ ಕೂತು ಒಂದು ಸಣ್ಣ ಗೆಜ್ಜೆಯ ಸದ್ದು ಹಾಕಿಸುತ್ತಾರೆ, ಕೇಳಿದಾಗ ಬೆರಳೆತ್ತುತ್ತಾರೆ. ಹಾಕುವವಳು ಅಕ್ಕ. ಬೆರಳು ಏಳುವವರೆಗೆ ಅವಳು ಉಸಿರಾಡುವುದಿಲ್ಲ. ನಾನಿದ್ದರೆ ನಾನೂ ಅಷ್ಟೆ.