ಜಾಗ ಬಿಟ್ಟು ಓಡಿದ ಹಾಲಮ್ಮ

ಕಳೆದ ತಿಂಗಳು ಹರಿಹರದಲ್ಲಿ ನಾನೊಂದು ಕನಸು ಕಂಡೆ. ಅದೂ ಹಾಡುಹಗಲಿನಲ್ಲಿ, ಹೊಳೆದಂಡೆಯ ಬಯಲಿನಲ್ಲಿ, ಬೇವಿನ ಮರಕ್ಕೆ ಒರಗಿ ಕುಳಿತು.

ಕನಸು ಹೀಗಿತ್ತು. ಇಳಿಬಿಸಿಲು. ಬಯಲಿನ ಧೂಳು ಅರಿಸಿನದ ಪುಡಿಯಂತೆ ಮೇಲೆದ್ದು, ಕೆಳಗಿಳಿಯುವುದನ್ನು ಮರೆತು ಅಲ್ಲಿಯೇ ತೇಲುತ್ತಿದೆ. ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಹತ್ತು ಜನ ಹೆಂಗಸರು ಇದ್ದಲ್ಲಿಯೇ ನಿಂತಿದ್ದಾರೆ. ಒಬ್ಬಳ ಕಾಲು ಅರ್ಧ ಎತ್ತಿದಂತೆಯೇ ಇದೆ. ಇನ್ನೊಬ್ಬಳ ಕೈ ಬೆವರೊರೆಸಲು ಹಣೆಗೆ ಹೋದದ್ದು ಹಣೆಯಲ್ಲಿಯೇ ಉಳಿದಿದೆ. ಎಲ್ಲಿಯೋ ದೂರದಲ್ಲಿ ಹಸುವೊಂದು ಉದ್ದಕ್ಕೆ ಕೂಗುತ್ತಿದೆ. ಚೆಂಡು ಮಾತ್ರ ತನ್ನ ಪಾಡಿಗೆ ತಾನು ಉರುಳುತ್ತಿದೆ. ನಿಂತ ಆ ಹತ್ತು ಜನರ ನಡುವೆ ಒಬ್ಬಳೇ ಒಬ್ಬಳು, ನೀರಿನಲ್ಲಿ ಓಡುವವಳಂತೆ, ನಿಧಾನವಾಗಿ, ತುಂಬ ನಿಧಾನವಾಗಿ ಓಡಿಬರುತ್ತಿದ್ದಾಳೆ.

ಆಮೇಲೆ ನೋಡಿಕೊಂಡರೆ ನಾನು ಎದ್ದು ನಿಂತಿದ್ದೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ. ಯಾವಾಗ ಎದ್ದೆನೋ ನೆನಪಿಲ್ಲ. ಹರಿಹರದ ಹುಡುಗಿಯರು ಕೈ ಕೈ ಹಿಡಿದು ಕುಣಿಯುತ್ತಿದ್ದರು. ಗೋಲ್ ಆಗಿತ್ತು.

ವಯಸ್ಸಾಯಿತು, ತೂಕಡಿಸಿದೆ ಎಂದುಕೊಂಡೆ. ಬೇರೇನೆಂದುಕೊಳ್ಳಲಿ?

ಈ ಅಂಕಣವನ್ನು ವಾರವಾರವೂ ಓದುವ ನಿಮಗೆ ನನ್ನ ಸ್ವಭಾವ ತಿಳಿದೇ ಇದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಹತ್ತಿ ಗಿರಣಿ ಸೇರಿದವನು ನಾನು. ಉಳಿದ ವಿದ್ಯೆಯೆಲ್ಲ ವಾಚನಾಲಯದ ಬೆಂಚಿನ ಮೇಲೆ ಕಲಿತದ್ದು. ಕಲಿಸುವವರಿಲ್ಲದೆ ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಹೇಳಿದ್ದನ್ನು ಹೇಳಿದಂತೆ ನಂಬದಿರುವುದು. ನಮ್ಮೂರು ದಾವಣಗೆರೆಯ ಹೆಸರಿಗೂ ಕುದುರೆ ಕಟ್ಟುವ ದಾವಣಿಗೂ ಗಂಟು ಹಾಕುವ ಕತೆಯನ್ನು ಪ್ರಶ್ನಿಸಿ ಬರೆದಾಗ ನಿಮ್ಮಲ್ಲಿ ಹಲವರು ನನ್ನ ಮೇಲೆ ಮುನಿದಿರಿ. (ಇಂದಿಗೂ ಕೇಳುತ್ತೇನೆ: ಆ ಕುದುರೆಗಳನ್ನು ಕಂಡವರು ಯಾರು?) ಅಂಥ ನಾನು ನನ್ನ ಕಣ್ಣೇ ಕಂಡದ್ದನ್ನು ಕನಸೆಂದು ಬದಿಗಿಟ್ಟು ಮನೆಗೆ ಬಂದೆ.

ಹೆಂಗಸರ ಫುಟ್‌ಬಾಲ್ ತಂಡ ನಮ್ಮೂರಿನಲ್ಲಿ ಇದೆಯೆಂಬುದೇ ಅನೇಕರಿಗೆ ಹೊಸ ಸುದ್ದಿಯಾದೀತು. ಇದೆ. ಗಿರಣಿಯಲ್ಲಿ ನೂಲು ಸುತ್ತುವ ಹತ್ತು ಜನ ಹೆಂಗಸರು ದಿನಪಾಳಿ ಮುಗಿಸಿ, ಗಿರಣಿಯ ಹಿಂದಿನ ಬಯಲಿನಲ್ಲಿ ಬರಿಗಾಲಿನಲ್ಲಿ ಆಡುತ್ತಾರೆ. ಹನ್ನೊಂದನೆಯವಳು ಹಾಲಮ್ಮ. ಆಕೆ ಗಿರಣಿಯವಳಲ್ಲ, ಮಂಡಕ್ಕಿ ಭಟ್ಟಿಯವಳು. ಒಮ್ಮೆ ಮಂಡಕ್ಕಿ ಚೀಲ ಹೊತ್ತು ಬಯಲು ದಾಟುತ್ತಿದ್ದಾಗ ಮುಖಕ್ಕೆ ಬಂದ ಚೆಂಡನ್ನು, ಚೀಲ ಕೆಳಗಿಳಿಸದೆ, ಒಂದೇ ಕೈಯಲ್ಲಿ ಹಿಡಿದಳಂತೆ. ಉಳಿದವರಿಗೆ ಎದುರು ಬರುವ ಚೆಂಡನ್ನು ಕಂಡರೆ ಕಣ್ಣು ಮುಚ್ಚುವ ಅಭ್ಯಾಸ. ಅಂದಿನಿಂದ ಆಕೆಯೇ ಗೋಲ್‌ಕೀಪರ್.

ಈ ವರ್ಷ ತಂಡ ಎಲ್ಲ ಪಂದ್ಯಗಳನ್ನೂ ಗೆದ್ದಿತ್ತು, ಕೊನೆಯದೊಂದನ್ನು ಬಿಟ್ಟು. ಕೊನೆಯದು ಹರಿಹರದ ಹೈಸ್ಕೂಲು ಹುಡುಗಿಯರೊಡನೆ, ನಾನು ಬೇವಿನ ಮರದಡಿ ಕುಳಿತು ನೋಡಿದ್ದು ಅದನ್ನೇ. ಒಂದು ಗೋಲಿನಿಂದ ಸೋತರು. ಗೆದ್ದವರ ಕಪ್ ಹರಿಹರಕ್ಕೆ, ‘ಶಿಸ್ತಿನ ತಂಡ’ ಎಂದು ಕೆತ್ತಿದ ಮರದ ಫಲಕ ದಾವಣಗೆರೆಗೆ.

ಸೋತರೇನು, ಸಮಾರಂಭ ಬೇಡವೇ? ತಂಡದ ಕಾರ್ಯದರ್ಶಿ ಮರುಳಪ್ಪನವರು ಒಂದು ಬೆಳಿಗ್ಗೆ ಟೈಪು ಮಾಡಿದ ಕಾಗದಗಳೊಡನೆ ನನ್ನ ಮನೆಗೆ ಬಂದರು.

“ಯಜಮಾನ್ರೆ, ಬಹುಮಾನ ನಿಮ್ಮ ಕೈಯಿಂದ್ಲೇ ಕೊಡಿಸ್ಬೇಕು ಅಂತ ಮಾಡೀವಿ. ವರದಿನೂ ನೀವೇ ಓದ್ರಿ. ಭಾಷೆ ಒಂದೀಟು ಸರಿ ಮಾಡಿ ಇಟ್ಕಳ್ರಿ.”

ಓದಿದೆ. ಕಾಗುಣಿತ ತಿದ್ದಿದೆ. ‘ಗೋಲ್‌ಕೀಪರಳು ತನ್ನ ಜಾಗವನ್ನು ಬಿಟ್ಟು ಓಡಿದ ಅಜಾಗರೂಕತೆಯಿಂದ ತಂಡವು ಕಪ್ಪನ್ನು ಕಳೆದುಕೊಂಡಿತು’ ಎಂಬ ವಾಕ್ಯದಲ್ಲಿಯೂ ಒಂದು ಒತ್ತಕ್ಷರ ತಿದ್ದಿದೆ! ಆಮೇಲೆ ಬಹುಮಾನದ ಪಟ್ಟಿ ನೋಡಿದೆ. ಹತ್ತು ಜನರಿಗೆ ಹೆಸರು ಬರೆಸಿದ ಹಿತ್ತಾಳೆ ಲೋಟ. ನಾಯಕಿ ರುದ್ರಮ್ಮನಿಗೆ ಲೋಟದ ಜೊತೆಗೆ, ಉತ್ತಮ ಆಟಗಾರ್ತಿಯೆಂದು, ಒಂದು ಟಿಫನ್ ಕ್ಯಾರಿಯರ್.

“ಹಾಲಮ್ಮನ ಹೆಸರು ಕಾಣೆನಲ್ಲ?”

“ಮುಂದಿನ ವರ್ಷಕ್ಕೆ ಆಕೀನ ಬಿಟ್ಟೀವ್ರಿ. ಗಿರಣಿ ಹುಡುಗೀನೇ ಒಬ್ಬಾಕೀನ ನಿಲ್ಲಿಸ್ತೀವಿ. ಜಾಗ ಬಿಟ್ಟು ಓಡೋರು ಗೋಲಿಗೆ ಯಾಕ?”

ಲೇಖನಿಯ ಮುಚ್ಚಳ ಹಾಕಿದೆ. ಓಡಿಬರುವ ಹೆಂಗಸೊಬ್ಬಳು ಕಣ್ಣ ಮುಂದೆ ಮತ್ತೆ ನಿಧಾನವಾಗಿ ಹಾದುಹೋದಳು. ಅವಳ ಸುತ್ತ ಹತ್ತು ಜನ ನಿಂತಿದ್ದರಲ್ಲ? ಕನಸಿನ ಅರ್ಧ ಭಾಗ ವರದಿಯಲ್ಲಿ ನಿಜವಾಗಿದ್ದರೆ ಉಳಿದರ್ಧ ಎಲ್ಲಿ ಹೋಯಿತು?

ಅಂದೇ ಭಟ್ಟಿಗೆ ಹೋದೆ. ಹಾಲಮ್ಮ ಕಾದ ಮರಳಿನಲ್ಲಿ ಅಕ್ಕಿ ತಿರುವುತ್ತಿದ್ದಳು. ಅಕ್ಕಿ ಮರಳಿನೊಳಗೆ ಮುಳುಗಿ, ಮರುಕ್ಷಣ ಬೆಳ್ಳಗೆ ಅರಳಿ ಮೇಲೆ ಬರುತ್ತಿತ್ತು. ಎಷ್ಟು ನೋಡಿದರೂ ನನಗೆ ಅದು ಸೋಜಿಗವೇ. ಮಾತನಾಡುವಾಗಲೂ ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ. ಎತ್ತಿದರೆ ಮಂಡಕ್ಕಿ ಕಪ್ಪಾಗುತ್ತದೆ.

“ಜಾಗ ಬಿಟ್ಟು ಓಡಿದ್ದು ನಿಜವೇನಮ್ಮ?”

“ನಿಜಾನೆ ಅಜ್ಜಾರೆ. ಸುಳ್ಳು ಯಾಕ ಹೇಳ್ಲಿ?”

“ಏಕೆ ಓಡಿದೆ?”

“ಯಾರೂ ಓಡ್ಲಿಲ್ಲಲ್ಲ, ಅದಕ್ಕ. ಚೆಂಡು ಬರಾಕ ಹತ್ತೈತೆ, ಇವ್ರೆಲ್ಲಾ ಗೊಂಬಿ ಹಂಗೆ ನಿಂತಾರೆ. ನಾನೂ ನಿಂತ್ಕಂಡು ನೋಡ್ಲೇನು?”

ನಿಂತಿದ್ದರು! ಕನಸಲ್ಲ.

“ಅವರು ಯಾಕೆ ನಿಂತರು?”

“ಅದನ್ನ ಅವ್ರನ್ನ ಕೇಳ್ರಿ. ನಾ ಹೇಳಿದ್ರೆ ಚಾಡಿ ಆಗತೈತೆ.” ಜಾಲರಿಯಲ್ಲಿ ಮಂಡಕ್ಕಿ ಎತ್ತಿ ಬುಟ್ಟಿಗೆ ಸುರಿದಳು. ಮರಳಿನ ಕಡೆಗೇ ನೋಡುತ್ತ ಮೆಲ್ಲಗೆ ಕೇಳಿದಳು: “ಮುಂದಿನ ವರ್ಷ ನಾ ಬ್ಯಾಡ ಅಂದ್ರಂತೆ, ಹೌದೇನ್ರಿ? ದಿನಾ ಬೆಳಗಿಂದ ಈ ಬೆಂಕಿ ಮುಂದ ಇರ್ತೀನಿ ಅಜ್ಜಾರೆ. ಸಂಜಿಗೆ ಆ ಗೋಲಿನಾಗೆ ನಿಂತ್ರೆ ಹೊಳಿ ಕಡೆ ಗಾಳಿ ಬಂದಂಗಾಗತೈತೆ.”

(ನಮ್ಮೂರ ಗಿರಣಿಯ ಹಿಂದೆ ಹೊಳೆ ಎಲ್ಲಿದೆ? ಆದರೆ ಅವಳಿಗೆ ಗಾಳಿ ಬರುತ್ತದೆ. ನಾನು ವಾದಿಸಲಿಲ್ಲ.)

ಗಿರಣಿಯ ಬಾಗಿಲಲ್ಲಿ ರುದ್ರಮ್ಮನನ್ನು ತಡೆದು ಕೇಳಿದೆ. ಪಾಳಿಯ ಕೆಲಸದಲ್ಲಿ ಗದರುವ ಗಂಟಲಿನ ಆ ಗಟ್ಟಿ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಆಗಿದ್ದು ಆಗಿ ಹೋತು, ಬಿಡ್ರಿ ಅಜ್ಜಾರೆ” ಎಂದು ಹೊರಟುಬಿಟ್ಟಳು.

ಬಿಡುವುದೇ? ನಾನೇ?

ಮುಂದಿನ ಶನಿವಾರ ಮಧ್ಯಾಹ್ನದ ರೈಲಿಗೆ ಹರಿಹರಕ್ಕೆ ಹೊರಟೆ. ಕಾಲ್ಚೆಂಡಿನ ಒಂದು ಗೋಲಿನ ವಿಚಾರಣೆಗೆ ಈ ವಯಸ್ಸಿನಲ್ಲಿ ಊರೂರು ತಿರುಗುವ ಗಂಡನನ್ನು ಕಂಡು ಮನೆಯವಳು, “ಹೋಗ್ರಿ, ಬರಬೇಕಾದ್ರೆ ಆ ಗೋಲನ್ನೂ ವಾಪಸ್ ತಂದುಬಿಡ್ರಿ” ಎಂದಳು.

ಅದೇ ಬಯಲು, ಅದೇ ಬೇವಿನ ಮರ. ಒರಗಿ ಕುಳಿತೆ. ಈ ಸಲ ತೂಕಡಿಸಬಾರದೆಂದು ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ, ಕಹಿಗೆ ಕಣ್ಣಲ್ಲಿ ನೀರು ಬಂತು. ಹೊಳೆ ಬಿಸಿಲನ್ನು ಹೊತ್ತುಕೊಂಡು ಸದ್ದಿಲ್ಲದೆ ಹೋಗುತ್ತಿತ್ತು. ಬಯಲಿನಲ್ಲಿ ಯಾರೂ ಇರಲಿಲ್ಲ, ಮೇಕೆ ಮೇಯಿಸುವ ಮುದುಕಿಯೊಬ್ಬಳನ್ನು ಬಿಟ್ಟು. ಆದರೂ ಖಾಲಿ ಬಯಲಿನಲ್ಲಿ ಆ ಹತ್ತು ಜನರು ನಿಂತ ಜಾಗಗಳು ನನಗೆ ಒಂದೊಂದಾಗಿ ಕಾಣುತ್ತಿದ್ದವು, ನೀರಿನಲ್ಲಿ ಕಲ್ಲುಗಳು ಕಾಣುವಂತೆ. ಹೊತ್ತು ಎಷ್ಟು ಹೋಯಿತೋ ತಿಳಿಯಲಿಲ್ಲ.

ಆಗ ಹಸು ಕೂಗಿತು. ಉದ್ದಕ್ಕೆ, ಮೊದಲು ಸಣ್ಣಗೆ, ಆಮೇಲೆ ದೊಡ್ಡದಾಗಿ.

“ಎಲ್ಲಿಗೆ ಹೊಂಟ್ರಿ ಯಜಮಾನ್ರೆ, ಈಗಿನ್ನೂ ಬಂದು ಕುಂತಿದ್ರಿ?” ಎಂದಳು ಮೇಕೆಯ ಮುದುಕಿ.

ನೋಡಿಕೊಂಡೆ. ನಾನು ಎದ್ದು ನಿಂತಿದ್ದೆ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ.

“ಅದೇನು ಕೂಗಿದ್ದು?” ಎಂದೆ.

“ಅಯ್ಯ, ಕಾರ್ಖಾನಿ ಸೈರನ್ನು. ದಿನಾ ಐದಕ್ಕ ಆಗತೈತೆ. ನಮಗೆ ಕೇಳ್ಸೋದೂ ಇಲ್ಲ ಬಿಡ್ರಿ.”

ನಕ್ಕೆ. ಬಯಲಿನ ನಡುವೆ ಒಬ್ಬನೇ ನಿಂತು, ಮೇಕೆಗಳು ತಲೆಯೆತ್ತಿ ನೋಡುವಷ್ಟು ನಕ್ಕೆ. ಇಪ್ಪತ್ತೆರಡು ವರ್ಷ ಗಿರಣಿಯಲ್ಲಿ ದುಡಿದವನು ನಾನು. ಸೈರನ್ ಕೂಗಿತೆಂದರೆ ಪಾಳಿ ಮುಗಿಯಿತು. ಕೈ ತಾನಾಗಿ ಕೆಲಸ ಬಿಡುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ. ಗಿರಣಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ, ಬೇರೊಂದು ಊರಿನ ಬೇರೊಂದು ಕಾರ್ಖಾನೆಯ ಕೂಗಿಗೆ ನನ್ನ ಮೈ ಎದ್ದು ಚೀಲ ಹಿಡಿಯಿತಲ್ಲ, ಹಿಂದಿನ ದಿನವಷ್ಟೇ ಗಿರಣಿಯಲ್ಲಿ ಪಾಳಿ ಮುಗಿಸಿದ್ದ ಹತ್ತು ಜನರ ಪಾಡೇನು? ಕಾರ್ಖಾನೆಯ ಪಕ್ಕದಲ್ಲಿಯೇ ಬೆಳೆದ ಹರಿಹರದ ಹುಡುಗಿಯರಿಗೆ ಅದು ಕೇಳಿಸಲೇ ಇಲ್ಲ, ಆಡುತ್ತಲೇ ಇದ್ದರು. ಭಟ್ಟಿಯಲ್ಲಿ ಸೈರನ್ನೇ ಇಲ್ಲ. ಅಲ್ಲಿ ಬಾಣಲೆಯಿಂದ ಕಣ್ಣು ಕೀಳಬಾರದು, ಅಷ್ಟೇ. ಹಾಲಮ್ಮ ಚೆಂಡಿನಿಂದ ಕಣ್ಣು ಕೀಳಲಿಲ್ಲ.

ಸಮಾರಂಭ ಮೊನ್ನೆ ಭಾನುವಾರ ಗಿರಣಿಯ ಹಿಂದಿನ ಬಯಲಿನಲ್ಲಿಯೇ ನಡೆಯಿತು. ಮಾವಿನ ತೋರಣ, ಬಾಡಿಗೆಯ ಕುರ್ಚಿ, ಮೈಕು. ಆಟಗಾರ್ತಿಯರು ಕಚ್ಚೆ ಬಿಟ್ಟು, ನೆರಿಗೆ ಹಿಡಿದು, ಹೂ ಮುಡಿದು ಬಂದಿದ್ದರು. ಹಾಲಮ್ಮನೂ ಬಂದಿದ್ದಳು, ಒಂದು ಚೀಲ ಮಂಡಕ್ಕಿಯೊಡನೆ. ಕುರ್ಚಿಯಲ್ಲಿ ಕೂಡದೆ ಚೀಲದ ಪಕ್ಕ ನಿಂತಿದ್ದಳು. ಬಹುಮಾನವಿಲ್ಲದ ಸಮಾರಂಭಕ್ಕೆ ಮಂಡಕ್ಕಿ ತರಲು ಎಂಥ ಮನಸ್ಸು ಬೇಕು, ನೀವೇ ಹೇಳಿ.

ವರದಿ ಓದುತ್ತ ಆ ವಾಕ್ಯಕ್ಕೆ ಬಂದೆ. ಇದ್ದಂತೆಯೇ ಓದಿದೆ. ಹಾಲಮ್ಮ ಚೀಲದ ಬಾಯಿಯ ದಾರವನ್ನು ಬಿಗಿ ಮಾಡತೊಡಗಿದಳು. ಕಾಗದ ಕೆಳಗಿಟ್ಟೆ.

“ಈ ವಾಕ್ಯ ನಿಜ. ಆದರೆ ಅರ್ಧ ಮಾತ್ರ. ಅಂದು ಐದು ಗಂಟೆಗೆ ಹರಿಹರದ ಸೈರನ್ ಕೂಗಿತು. ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದ ನಾನು ಮರದ ಕೆಳಗೆ ಎದ್ದು ಚೀಲ ಹಿಡಿದು ನಿಂತೆ. ನನ್ನೊಡನೆ ಇನ್ನು ಯಾರು ಯಾರು ನಿಂತಿರಿ?”

ರುದ್ರಮ್ಮ ಎದ್ದಳು.

“ನಾ ನಿಂತಿದ್ದೆ. ಎಲ್ಲಾರೂ ನಿಂತಿದ್ವಿ. ಹೇಳಾಕ ನಾಚಿಕಿ ಆತ್ರಿ.”

ಹಿಂದಿನ ಸಾಲಿನಿಂದ ಒಬ್ಬ ಗಂಡಸು ಕಿಸಕ್ಕನೆ ನಕ್ಕ. “ಆಡಾಕ ಹೋಗಿ ಪಾಳಿ ಮುಗಿಸಿ ಬಂದ್ರೇನು?”

ರುದ್ರಮ್ಮನ ಪಾಳಿಯ ಗಂಟಲು ಆಗ ಬಂತು. “ನಗಬ್ಯಾಡ ಸುಮ್ಕಿರೋ! ಉಣ್ಣಾಕ ಕುಂತಾಗ ಸೈರನ್ ಆದ್ರೆ ತುತ್ತು ತಾಟಿಗೆ ಹಾಕಿ ಓಡಾದು ಯಾರು? ನಿನ್ನ ಹೆಂಡ್ತಿ ದಿನಾ ಹೇಳ್ತಾಳೆ.” ಈಗ ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು.

ಅವಳು ನೇರವಾಗಿ ಮೇಜಿನ ಬಳಿ ಬಂದು ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೋಗಿ ಹಾಲಮ್ಮನ ಮುಂದೆ ಹಿಡಿದಳು. ನಾನು ಕೊಡಬೇಕಾದ ಬಹುಮಾನ. ಅತಿಥಿಯಾಗಿ ಇದನ್ನು ಆಕ್ಷೇಪಿಸಬಹುದಿತ್ತು.

“ತಗೋ ಹಾಲಿ.”

“ನಂಗ್ಯಾಕ ಯಕ್ಕಾ? ಚೆಂಡು ಒಳಗ ಹೋತಲ್ಲ.”

“ಹೋಗ್ಲಿ. ನೀ ಓಡಿದ್ದಿಲ್ಲೇನು?”

ಹಾಲಮ್ಮ ಕ್ಯಾರಿಯರ್ ಮುಟ್ಟಲಿಲ್ಲ. ವೇದಿಕೆಯ ಕಡೆ ತಿರುಗಿ ಮರುಳಪ್ಪನವರನ್ನು ಕೇಳಿದಳು: “ಇದು ಬ್ಯಾಡ್ರಿ. ಮುಂದಿನ ವರ್ಷ ಗೋಲಿಗೆ ನಾನೇ ಅಂತ ಆ ಕಾಗದದಾಗೆ ಬರೀತೀರೇನು?”

ಮರುಳಪ್ಪನವರು ಕೆಟ್ಟವರಲ್ಲ. ಕಂಡಷ್ಟನ್ನು ಬರೆದಿದ್ದರು, ಅಷ್ಟೇ. ನನ್ನ ಲೇಖನಿ ಕೇಳಿ ಪಡೆದು, ವರದಿಯ ಆ ವಾಕ್ಯದ ಮೇಲೆ ಗೆರೆ ಎಳೆದು, ಬದಿಯಲ್ಲಿ ಬರೆದರು. ಗಟ್ಟಿಯಾಗಿ ಓದಿಯೂ ಹೇಳಿದರು. (ಎರಡು ಕಾಗುಣಿತದ ತಪ್ಪುಗಳಿದ್ದವು. ತಿದ್ದಲಿಲ್ಲ.) ಆಮೇಲೆ ಹಾಲಮ್ಮ ಕ್ಯಾರಿಯರನ್ನೂ ತೆಗೆದುಕೊಂಡಳು. ಅದರ ಮೂರೂ ಡಬ್ಬಿಗಳಿಗೆ ಮಂಡಕ್ಕಿ ತುಂಬಿ ಎಲ್ಲರಿಗೂ ಹಂಚುತ್ತ ಬಂದಳು. ಇಳಿಬಿಸಿಲಿನಲ್ಲಿ ಮತ್ತೆ ಆ ಅರಿಸಿನದ ಧೂಳು. ಅವಳು ನಡೆದು ಬರುತ್ತಿದ್ದಳು, ನನಗೆ ಓಡಿಬಂದಂತೆಯೇ ಕಂಡಿತು.

ಊರವರ ಮಾತು ನಂಬದ ನಾನು ನನ್ನ ಕಣ್ಣನ್ನು ನಂಬಲು ಹರಿಹರಕ್ಕೆ ಎರಡು ಸಲ ಹೋಗಬೇಕಾಯಿತು. ಇದನ್ನು ನೀವು ನನ್ನ ಮುಂದೆ ಎತ್ತಿ ಆಡುವುದಕ್ಕೆ ಮೊದಲು ನಾನೇ ಬರೆದಿಟ್ಟಿದ್ದೇನೆ.

‘ಶಿಸ್ತಿನ ತಂಡ’ದ ಫಲಕ ಈಗ ಮರುಳಪ್ಪನವರ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದೆ, ಯಾರ ಮನೆಯಲ್ಲಿ ತೂಗುಹಾಕಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ನೀವೇ ಹೇಳಿ: ಅದು ಕೂಗಿಗೆ ನಿಂತ ಹತ್ತು ಜನರದ್ದೋ, ಜಾಗ ಬಿಟ್ಟು ಓಡಿದ ಒಬ್ಬಳದ್ದೋ?