ಚಿಕ್ಕಕ್ಕನ ಕೈತುತ್ತು

ನಮ್ಮೂರಲ್ಲಿ ಜಿಪುಣತನಕ್ಕೆ ಬಹುಮಾನ ಇಟ್ಟಿದ್ದರೆ ಅದು ಪ್ರತಿ ವರ್ಷ ಚಿಕ್ಕಕ್ಕನ ಮನೆಗೇ ಹೋಗುತ್ತಿತ್ತು. ಎಪ್ಪತ್ತರ ಹತ್ತಿರದ ಹೆಂಗಸು, ಹದಿನಾಲ್ಕು ಆಡುಗಳ ಒಡತಿ. ಸಕ್ಕರೆ ಕೇಳಿದರೆ ಬೆಲ್ಲ ಕೊಡುತ್ತಾಳೆ, ಬೆಲ್ಲ ಕೇಳಿದರೆ ಬುದ್ಧಿ ಹೇಳುತ್ತಾಳೆ. ಪಕ್ಕದ ಮನೆಯವನಾಗಿ ನಲವತ್ತು ವರ್ಷ ನೋಡಿದ್ದೇನೆ. ಹಬ್ಬಕ್ಕೂ ಒಂದು ಮರಿ ಕಡಿಸಿದವಳಲ್ಲ. ಅಂಥವಳು ಫೈರ್ ಸ್ಟೇಷನ್ನಿನವರ ಊಟಕ್ಕೆ ತನ್ನ ದೊಡ್ಡ ಹೋತವನ್ನೇ ಬಿಟ್ಟುಕೊಟ್ಟಾಗ ಊರಿಗೆ ಊರೇ ಬೆರಗಾಯಿತು. ಕಾರಣ ಗೊತ್ತಿದ್ದವನು ನಾನೊಬ್ಬನೇ. ಗುಡ್ಡಕ್ಕೆ ಬೆಂಕಿ ಹಚ್ಚಿದವಳು ಅವಳೇ.

ಕೊಡಿಗೇನಹಳ್ಳಿ ಸೀಮೆಯ ನಮ್ಮ ಕಡೆ ಇದೊಂದು ರೂಢಿ. ಶಿವರಾತ್ರಿ ಆಸುಪಾಸಿನಲ್ಲಿ ಗುಡ್ಡದ ಒಣಹುಲ್ಲಿಗೆ ಕಡ್ಡಿ ಗೀರಿದರೆ ಮೊದಲ ಮಳೆಗೆ ಎಳೆಹುಲ್ಲು ಚಿಗುರುತ್ತದೆ, ಆಡುಗಳು ಮೈತುಂಬಿಕೊಳ್ಳುತ್ತವೆ ಎಂಬ ನಂಬಿಕೆ. ಹಚ್ಚಬಾರದೆಂದು ಅರಣ್ಯ ಇಲಾಖೆಯವರು ಬೋರ್ಡು ನೆಟ್ಟಿದ್ದಾರೆ. ಆ ಬೋರ್ಡಿನ ಕಂಬಕ್ಕೆ ನಾವು ಆಡು ಕಟ್ಟುತ್ತೇವೆ. ಹಚ್ಚುವುದಕ್ಕೂ ಒಂದು ಕ್ರಮವಿದೆ. ನೆತ್ತಿಗೆ ಹತ್ತಿ ಮೇಲಿಂದ ಹಚ್ಚಬೇಕು. ಬೆಂಕಿ ಮೆಲ್ಲಗೆ ಇಳಿದು ಬಂದು ನಡುವಿನ ಹಾಸುಬಂಡೆಯ ಹತ್ತಿರ ತಾನೇ ಆರುತ್ತದೆ. ಈ ಸಲ ಚಿಕ್ಕಕ್ಕನಿಗೆ ಮಂಡಿನೋವು. ಆಡುಗಳನ್ನು ರೊಪ್ಪದಲ್ಲಿ ಕೂಡಿಹಾಕಿ ಹೋದವಳು, ಹತ್ತಲಾರದೆ ಬುಡದಲ್ಲೇ ಗೀರಿಬಿಟ್ಟಳು. ಕೆಳಗಿಂದ ಹತ್ತಿದ ಬೆಂಕಿ ಓಡುತ್ತದೆ. ಮಧ್ಯಾಹ್ನದ ಗಾಳಿ ಬೇರೆ ತಿರುಗಿ, ಅರ್ಧ ಗಂಟೆಯಲ್ಲಿ ಅದು ನಮ್ಮ ಬಣವೆಗಳ ಕಡೆಗೆ ನುಗ್ಗಿತು.

ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ದರಿಂದ ಮಧುಗಿರಿಯ ಫೈರ್ ಇಂಜಿನ್ ಬಂತು. ನಾವು ಮಾಡಿದ ಮೊದಲ ಕೆಲಸ, ಮನೆ ಸೇರಿ ಬಾಗಿಲು ಹಾಕಿಕೊಂಡದ್ದು. ಖಾಕಿ ಕಂಡರೆ ಕೇಸು ಎಂಬ ಭಯ. ಹೇಳಲು ಈಗ ನಾಚಿಕೆಯಾಗುತ್ತದೆ. ಗಾಡಿ ಬಂಡಿದಾರಿಯ ಕೊನೆಯಲ್ಲಿ ನಿಂತಿತು, ಮುಂದೆ ಬರಿ ಕಲ್ಲು. ಇಳಿದವರು ಹೊಂಗೆ ಕೊಂಬೆ ಮುರಿದುಕೊಂಡು ಬೆಂಕಿ ಬಡಿಯತೊಡಗಿದರು. ಅವರ ಮುಖ್ಯಸ್ಥ ರಂಗರಾಜು ನಮ್ಮ ಬೀದಿಗೆ ಬಂದು, "ಯಾರು ಹಚ್ಚಿದ್ರು ಅಂತ ಕೇಳಕ್ಕೆ ಬಂದಿಲ್ಲ ಕಣ್ರಪ್ಪ. ಸೊಪ್ಪು ಮುರ್ಕಂಡು ಬನ್ರಿ, ನೀರು ತನ್ನಿ" ಎಂದರು. ಆ ಮಾತಿಗೆ ಒಂದೊಂದೇ ಬಾಗಿಲು ತೆರೆಯಿತು.

ಅಷ್ಟರಲ್ಲಿ ಗುಡ್ಡದ ಬುಡದಲ್ಲಿದ್ದ ಚಿಕ್ಕಕ್ಕನ ರೊಪ್ಪಕ್ಕೆ ಬೆಂಕಿ ತಗುಲಿತ್ತು. ಬಾಗಿಲಿಗಿಟ್ಟ ಮುಳ್ಳುಕಂಪೆ ಧಗಧಗ ಉರಿಯುತ್ತಿದೆ, ಒಳಗೆ ಹದಿನಾಲ್ಕು ಆಡುಗಳ ಅರಚಾಟ. ಶಿರಾ ಕಡೆಯ ಪ್ರಸನ್ನ ಕುಮಾರ್ ಎಂಬ ಫೈರ್‌ಮ್ಯಾನ್ ಕೋಲಿಗಾಗಿ ಅತ್ತಿತ್ತ ನೋಡಿದ, ಸಿಗಲಿಲ್ಲ. ಕೈಯಿಂದಲೇ ಕಂಪೆ ಎಳೆದು ಹಾಕಿದ. ಆಡುಗಳೆಲ್ಲ ಹೊರಬಂದವು. ಅವನ ಬಲ ಅಂಗೈಯ ಚರ್ಮ ಸುಲಿದುಹೋಯಿತು.

ಬೆಂಕಿ ಆರಿತು, ಬಣವೆಗಳು ಉಳಿದವು. ಇವರಿಗೊಂದು ಊಟ ಹಾಕದಿದ್ದರೆ ನಾವು ಮನುಷ್ಯರೇ ಅಲ್ಲ ಎಂದು ಊರವರೆಲ್ಲ ಸೇರಿ ಭಾನುವಾರ ಗೊತ್ತು ಮಾಡಿದರು. ಶನಿವಾರ ಚಿಕ್ಕಕ್ಕ ನಮ್ಮ ಜಗಲಿಗೆ ಬಂದು ಕೂತಳು. ಗುಡ್ಡದ ಬುಡದಿಂದ ಅವಳು ಬೆಂಕಿಪೊಟ್ಟಣ ಹಿಡಿದು ಬರುವುದನ್ನು ನಾನು ಕಂಡದ್ದು ಅವಳಿಗೂ ಗೊತ್ತಿತ್ತು.

"ಹೇಳ್ಬುಡ್ಲಾ?" ಎಂದು ಕೇಳಿದಳು.

"ಸುಮ್ಕಿರು ಚಿಕ್ಕಕ್ಕ. ಕೇಸಾದ್ರೆ ಕೋರ್ಟಿಗೆ ಅಲೆದು ಅಲೆದು ಆಡೆಲ್ಲ ಮಾರ್ಕಬೇಕಾಯ್ತದೆ" ಎಂದೆ. ಬುದ್ಧಿವಂತನ ಹಾಗೆ ಹೇಳಿದೆ, ರಾತ್ರಿ ನಿದ್ದೆ ಮಾತ್ರ ಬರಲಿಲ್ಲ.

ಭಾನುವಾರ ಶಾಲೆಯ ಅಂಗಳದಲ್ಲಿ ಪಂಕ್ತಿ. ಡ್ಯೂಟಿ ಇಲ್ಲದವರೆಲ್ಲ ಬಣ್ಣದ ಅಂಗಿ ತೊಟ್ಟು, ಮದುವೆಗೆ ಬಂದ ನೆಂಟರ ಹಾಗೆ ಕೂತಿದ್ದರು. ಬಿಸಿ ಮುದ್ದೆ, ಹೋತದ ಸಾರು. ಪ್ರಸನ್ನ ಕುಮಾರನ ಬಲಗೈಗೆ ಬ್ಯಾಂಡೇಜು. ಬಡಿಸುತ್ತಿದ್ದ ನಮ್ಮ ಮುತ್ತುರಾಜು ಒಂದು ಸ್ಪೂನು ತಂದುಕೊಟ್ಟ. ಸ್ಪೂನಿನಲ್ಲಿ ಮುದ್ದೆ ತಿನ್ನುವುದುಂಟೇ, ಪಂಕ್ತಿಯೆಲ್ಲ ನಕ್ಕಿತು. ಹೆಂಗಸರು ಚಿಕ್ಕಕ್ಕನನ್ನು ಮುಂದೆ ತಳ್ಳಿದರು. "ನಿನ್ ಆಡು ಉಳಿಸಿದ ಕೈ ಕಣಕ್ಕ, ನೀನೇ ತಿನ್ಸು."

ಚಿಕ್ಕಕ್ಕ ಅವನೆದುರು ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿದಳು. ತುತ್ತು ಅವನ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಕೊಡಜ್ಜಿ, ಹಸಿವು" ಎಂದು ಅವನು ನಕ್ಕ.

"ನಾನೇ ಕಣಪ್ಪ. ಗುಡ್ಡಕ್ಕೆ ಕಡ್ಡಿ ಗೀರಿದ್ದು ನಾನೇ. ನಿನ್ ಕೈ ಸುಟ್ಟೋಳು ನಾನು. ಇದ್ನ ಹೇಳ್ದೆ ನಿನ್ ಬಾಯಿಗೆ ಹೆಂಗಿಡ್ಲಿ?"

ಸಾರಿನ ಸೌಟು ಹಿಡಿದವರು ಹಿಡಿದಲ್ಲೇ ನಿಂತರು. ರಂಗರಾಜು ತಟ್ಟೆಯಿಂದ ಕೈ ತೆಗೆದರು.

"ಅವತ್ತು ಕೇಳಲ್ಲ ಅಂದಿದ್ದೆ, ಕೇಳ್ಲಿಲ್ಲ. ಈಗ ನೀವೇ ಹೇಳಿದ್ರಿ. ರಿಪೋರ್ಟಲ್ಲಿ ಬರೀಲೇಬೇಕು ಅಜ್ಜಿ."

"ಬರ್ಕಳಿ ಸ್ವಾಮಿ."

"ಫಾರೆಸ್ಟ್ ಆಫೀಸಿಗೆ ಮಾತ್ರ ಒಬ್ರೇ ಹೋಗ್ಬೇಡಿ. ನಾನೂ ಜೊತೇಲಿ ಬರ್ತೀನಿ. ತಾವಾಗೇ ಒಪ್ಕಂಡೋರನ್ನ ನಾನು ನೋಡಿದ್ದು ಇದೇ ಮೊದ್ಲು ಅಂತ ಅವ್ರಿಗೂ ಹೇಳ್ತೀನಿ."

ಮುತ್ತುರಾಜು ಸೌಟು ಕೆಳಗಿಟ್ಟ. "ಹೋದ ವರ್ಷ ಹಚ್ಚಿದ್ದು ನಾನು ಸಾರ್. ಅದ್ನೂ ಬರ್ಕಳಿ." ಹಿಂದಿನಿಂದ ಇನ್ನೊಬ್ಬರು ಅದರ ಹಿಂದಿನ ವರ್ಷದ ಸಂಗತಿ ಎತ್ತಿದರು. ಕೂತಿರಲಾಗದೆ ನಾನೂ ಎದ್ದು, ಕಂಡೂ ಬಾಯಿ ಬಿಡದವನು ನಾನು, ಅವಳ ಬಾಯಿಯನ್ನೂ ಮುಚ್ಚಿಸಲು ನೋಡಿದೆ ಎಂದೆ. "ಸಾಕು ಕೂತ್ಕಳ್ರಪ್ಪ, ಇಷ್ಟೆಲ್ಲ ಬರೆಯಕ್ಕೆ ನಾನು ಪೆನ್ನೇ ತಂದಿಲ್ಲ" ಎಂದರು ರಂಗರಾಜು. ಎಲ್ಲರಿಗೂ ನಗು ಬಂತು, ಮೈ ಹಗುರಾಯಿತು.

ನಗದೆ ಉಳಿದವಳು ಚಿಕ್ಕಕ್ಕ ಒಬ್ಬಳೇ. ಅವಳಿಗೆ ಕೇಸಿನ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ತುತ್ತು ಹಿಡಿದ ಕೈಯಿಂದ ಸಾರು ಮೊಣಕೈವರೆಗೆ ಇಳಿದಿತ್ತು, ಕಣ್ಣು ಪ್ರಸನ್ನ ಕುಮಾರನ ಮುಖದ ಮೇಲೆ. ಅವನು ತನ್ನ ಬ್ಯಾಂಡೇಜನ್ನು ನೋಡಿದ.

"ಇನ್ ಮೇಲೆ ಹಚ್ಬೇಡಿ ಅಜ್ಜಿ."

"ಇಲ್ಲ ಕಣಪ್ಪ."

ಅವನು ಬಾಯಿ ತೆರೆದ. ಚಿಕ್ಕಕ್ಕ ಅಳುತ್ತಲೇ ತುತ್ತಿಟ್ಟಳು, ಎರಡು ಮುದ್ದೆ ಮುಗಿಯುವ ತನಕ ಅವನನ್ನು ಏಳಲು ಬಿಡಲಿಲ್ಲ.