ಅವ್ವನ ಜಾಲಿಕಾಯಿ ಹಿಟ್ಟು

ಅವ್ವ ಕೊನೆಯದಾಗಿ ಕುಟ್ಟಿಕೊಟ್ಟಿದ್ದ ಬಳ್ಳಾರಿ ಜಾಲಿಕಾಯಿ ಹಿಟ್ಟಿನ ಡಬ್ಬಿಯನ್ನು ಇವತ್ತು ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಅಡುಗೆಮನೆಯಲ್ಲಿ ತೆರೆದೆ. ಅವ್ವ ಹೋದ ಮೇಲೆ ಮುಟ್ಟಿರಲಿಲ್ಲ. ಮಗಳಿಗೆ ಅಜ್ಜಿಯ ಕೈಹಿಟ್ಟಿನ ಒಂದೇ ಒಂದು ರೊಟ್ಟಿ ತಿನ್ನಿಸುವ ಆಸೆ. ಬೆಲ್ಲ ಹುರಿದಂಥ ವಾಸನೆ ಬಂದದ್ದೇ ತಡ, ನಾನು ಊರಿನ ನಮ್ಮ ಅಂಗಳದಲ್ಲಿದ್ದೆ.

ಅವ್ವ ಹಳದಿ ಕಾಯಿಗಳನ್ನು ಹಂಚಿನ ಮೇಲೆ ಹುರಿದು, ಹೊತ್ತು ನೆತ್ತಿಗೇರಿದಾಗಲೇ ಒರಳಿಗೆ ಹಾಕುತ್ತಿದ್ದಳು. "ಬಿಸಿಲಾಗ ಕುಟ್ಟು, ಮೋಡ ಬಂದ್ರ ಕಟ್ಟು" ಎನ್ನುವಳು. ಜೋಳದ ಹಿಟ್ಟಿಗೆ ಬೆರೆಸಿದರೆ ರೊಟ್ಟಿ ತಾನಾಗಿಯೇ ಸಿಹಿ.

"ಏನಕ್ಕಾ, ಆಡಿನ ಮೇವು ಮಕ್ಕಳಿಗೂ ಹಾಕ್ತೀಯಲ್ಲ!" ಎಂದು ಪಕ್ಕದ ಮನೆಯ ಗಂಗಮ್ಮ ಕೆಣಕುತ್ತಿದ್ದಳು.

"ಆಡು ನಿನಗಿಂತ ಶಾಣ್ಯಾ ಐತಿ, ತಂಗಿ. ರುಚಿ ಮೊದಲು ಅದಕ್ಕ ತಿಳೀತು" ಎನ್ನುತ್ತಿದ್ದಳು ಅವ್ವ.

ಹಿಟ್ಟಿನ ಗಡಿಗೆ ಸದಾ ಒಲೆಯ ಪಕ್ಕದ ಗೂಡಿನಲ್ಲಿ ಬೆಚ್ಚಗಿರುತ್ತಿತ್ತು. ಯಾಕೆಂದು ನಾನು ಒಮ್ಮೆಯೂ ಕೇಳಲಿಲ್ಲ. ಮುಂದೆ ನಾನು ಓದಿದ ಪದವಿಯಲ್ಲೂ ಅದು ಪಠ್ಯವಾಗಿರಲಿಲ್ಲ.

ಇಲ್ಲಿಯ ಗಾಳಿಯ ತೇವ ಕುಡಿದು ಹಿಟ್ಟು ಡಬ್ಬಿಯ ಆಕಾರಕ್ಕೇ ಕಲ್ಲಾಗಿದೆ. ಚಾಕುವಿನ ತುದಿ ಮುರಿಯಿತು. ಕೆರೆದಲ್ಲೆಲ್ಲ ಹಸಿರು ಬೂಷ್ಟು.

"ಅಪ್ಪಾ, ಥ್ರೋ ಇಟ್ ಲಾ. ಮಾಮಕ್ ಅಂಗಡಿಯಿಂದ ರೋಟಿ ಟಪಾವ್ ಮಾಡೋಣ" ಎಂದಳು ಮಗಳು.

ಅವಳಿಗೆ ಹಸಿವಾಗಿತ್ತು. ಹೂಂ ಎಂದು ಡಬ್ಬಿಯನ್ನು ಕಸದ ಚೀಲಕ್ಕೆ ಹಾಕಿ, ತಮಿಳು ಮುಸ್ಲಿಮರ ಆ ಅಂಗಡಿಯಿಂದ ರೋಟಿ ಕಟ್ಟಿಸಿ ತರಲು ಚಪ್ಪಲಿ ಮೆಟ್ಟಿದೆ.